ಸಂಪಿನ ನಂತರದ ರವಿವಾರಗಳು

ವಾರದ ಆರು ದಿನ ನಾನು ರಬಾಳೆಯ ಒಂದು ಕಾರ್ಖಾನೆಯಲ್ಲಿ ವಾಲ್ವುಗಳ ಅಳತೆ ತಪಾಸಣೆ ಮಾಡುತ್ತೇನೆ. ಅಳತೆ ಸರಿ ಇದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ. ಏಳನೆಯ ದಿನ, ರವಿವಾರ, ಬಿಳಿ ಅಂಗಿ, ಕರಿ ಪ್ಯಾಂಟು, ಅಗಲ ಟೊಪ್ಪಿಗೆ ಹಾಕಿಕೊಂಡು ಕ್ರಿಕೆಟ್ ಮೈದಾನದ ನಡುವೆ ನಿಲ್ಲುತ್ತೇನೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕಡೆಯ ಕಂಪನಿ ಟೀಮುಗಳೂ ಸಣ್ಣ ಕ್ಲಬ್ಬುಗಳೂ ಸೇರಿ ನಡೆಸುವ ಲೀಗ್ ಒಂದಿದೆ. ಲೆದರ್ ಬಾಲಿನ ಆಟ, ಒಂದೊಂದು ಕಡೆಗೆ ನಲವತ್ತು ಓವರು. ಪೇಪರಿನಲ್ಲಿ ಬರುವುದಿಲ್ಲ, ಟಿವಿಯಲ್ಲಂತೂ ಇಲ್ಲವೇ ಇಲ್ಲ. ಆ ಲೀಗಿಗೆ ನಾವು ಹದಿನಾಲ್ಕು ಮಂದಿ ಅಂಪೈರುಗಳು.

ನಾನು ಮೊದಲು ನಮ್ಮ ಕಾರ್ಖಾನೆಯ ಟೀಮಿನಲ್ಲಿ ಆಡುತ್ತಿದ್ದೆ. ಒಮ್ಮೆ ಬೌಂಡರಿ ತಡೆಯಲು ಓಡಿ ಮೊಣಕಾಲು ತಿರುವಿಕೊಂಡೆ, ಆಮೇಲೆ ಅದು ಮೊದಲಿನ ಹಾಗೆ ಆಗಲಿಲ್ಲ. ಕುಂಟುತ್ತ ಬೌಂಡರಿ ಗೆರೆಯ ಹತ್ತಿರ ಕೂತಿದ್ದ ನನ್ನನ್ನು ನೋಡಿ, ಆಗಲೇ ಇಪ್ಪತ್ತು ವರ್ಷ ಅಂಪೈರಿಂಗ್ ಮಾಡಿದ್ದ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಕೂತರು. ಉಡುಪಿ ಕಡೆಯವರು, ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಠಾಣೆಯಲ್ಲಿ ನೆಲೆಸಿದವರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತೇವೆ. ಓಡಲಿಕ್ಕೆ ಆಗದಿದ್ದರೆ ನಿಲ್ಲಲಿಕ್ಕೆ ಆಗುತ್ತದಲ್ಲ ಎಂದು ಕೇಳಿದರು. ಆಗುತ್ತದೆ ಎಂದೆ. ಮುಂದಿನ ವಾರ ಒಂದು ನಿಯಮದ ಪುಸ್ತಕ ತಂದುಕೊಟ್ಟರು. ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ರಬಾಳೆ, ಹೀಗೆ ಎರಡು ಲೋಕಲ್ ಬದಲಾಯಿಸುತ್ತ, ಒಂದು ಕೈಯಲ್ಲಿ ಮೇಲಿನ ಹಿಡಿ ಹಿಡಿದು ಇನ್ನೊಂದು ಕೈಯಲ್ಲಿ ಆ ಪುಸ್ತಕ ಹಿಡಿದು ಓದಿದೆ. ಪರೀಕ್ಷೆ ಪಾಸಾದೆ.

ನನ್ನ ಹೆಂಡತಿ ಡೊಂಬಿವಲಿಯಲ್ಲಿಯೇ ಹುಟ್ಟಿ ಬೆಳೆದವಳು. ತಂದೆ ತಾಯಿ ಬಾಗಲಕೋಟೆಯವರಾದರೂ ಅವಳು ಕಲಿತದ್ದು ಮರಾಠಿ ಶಾಲೆಯಲ್ಲಿ. ಮೊದಲ ಸಲ ನನ್ನ ಅಂಪೈರಿಂಗ್ ನೋಡಲು ಬಂದವಳು ಮನೆಗೆ ಮರಳುವಾಗ ನಕ್ಕಳು. ಮನೆಯಲ್ಲಿ ಮಗಳಿಗೆ ಫೋನ್ ಕೆಳಗಿಡು ಎಂದು ಹತ್ತು ಸಲ ಹೇಳಿದರೂ ನಡೆಯುವುದಿಲ್ಲ, ಅಲ್ಲಿ ನೀವು ಒಂದು ಬೆರಳು ಎತ್ತಿದರೆ ಆರಡಿ ಗಂಡಸು ಬ್ಯಾಟು ಬಗಲಲ್ಲಿಟ್ಟುಕೊಂಡು ಹೊರಟೇ ಹೋಗುತ್ತಾನಲ್ಲ ಎಂದಳು. ನನಗೂ ಅದು ಹೊಸದಾಗಿ ಹೊಳೆದ ಹಾಗಾಯಿತು. ಆ ಇಡೀ ವಾರ ಸ್ವಲ್ಪ ಎದೆ ಸೆಟೆಸಿ ಓಡಾಡಿದೆ.

ಆದರೆ ಎಲ್ಲರೂ ಹಾಗೆ ಸುಮ್ಮನೆ ಹೋಗುತ್ತಿರಲಿಲ್ಲ. ಬೈಗುಳಗಳನ್ನು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಕೇಳಿದ್ದೇವೆ. ಬಟ್ಟೆ ಬದಲಿಸಲು ಜಾಗವಿರಲಿಲ್ಲ. ಬೌಲರಿನ ಹಿಂದೆ ನಿಲ್ಲಿಸುವ ಬಿಳಿ ಪರದೆಯ ಮರೆಯಲ್ಲಿ ನಿಂತು ಪ್ಯಾಂಟು ಏರಿಸಿಕೊಳ್ಳುತ್ತಿದ್ದೆವು. ಗಾಳಿ ಬಂದರೆ ಆ ಪರದೆಯೂ ನಂಬಿಕೆಗೆ ಯೋಗ್ಯವಲ್ಲ. ಕೆಲವು ಸಲ ಒಬ್ಬನೇ ಅಂಪೈರನನ್ನು ಕಳಿಸುತ್ತಿದ್ದರು, ಓವರಿಗೊಮ್ಮೆ ಆ ತುದಿಯಿಂದ ಈ ತುದಿಗೆ ನಡೆಯಬೇಕು. ಇದನ್ನೆಲ್ಲ ನಾವು ನಗುತ್ತ ಸಹಿಸಿಕೊಂಡಿದ್ದೆವು. ಒಂದು ರವಿವಾರ ನವಿ ಮುಂಬೈಯ ಒಂದು ಮೈದಾನದಲ್ಲಿ ನಡೆದದ್ದನ್ನು ಮಾತ್ರ ನಗುತ್ತ ಸಹಿಸಲು ಆಗಲಿಲ್ಲ.

ಅಂದು ಅಣ್ಣ ಬೌಲರಿನ ತುದಿಯಲ್ಲಿದ್ದರು, ನಾನು ಆಚೆ ತುದಿಯ ಪಕ್ಕಕ್ಕೆ, ಸ್ಕ್ವೇರ್ ಲೆಗ್ಗಿನಲ್ಲಿ. ಚೆಂಡು ಬ್ಯಾಟ್ಸ್‌ಮನ್ನನ ಪ್ಯಾಡಿಗೆ ಬಡಿಯಿತು, ಎಲ್ಲರೂ ಕೂಗಿದರು, ಅಣ್ಣ ಎಂದಿನಂತೆ ನಿಧಾನವಾಗಿ ಮೂರು ಎಣಿಸುವಷ್ಟು ಹೊತ್ತು ಯೋಚಿಸಿ ಬೆರಳು ಎತ್ತಿದರು. ಬ್ಯಾಟ್ಸ್‌ಮನ್ ನೇರ ಅವರ ಹತ್ತಿರ ನಡೆದು ಬಂದ. ಏನೋ ಕೇಳಿದ. ಅವರು ತಲೆ ಅಲ್ಲಾಡಿಸಿದರು. ಅವನು ಎರಡೂ ಅಂಗೈಗಳಿಂದ ಅವರ ಎದೆಗೆ ನೂಕಿದ. ಅರವತ್ತೈದು ದಾಟಿದವರು, ಎರಡು ಹೆಜ್ಜೆ ಹಿಂದೆ ಹೋಗಿ ಕೂತುಬಿಟ್ಟರು. ನಾನು ಓಡಬೇಕಿತ್ತು. ಓಡಲಿಲ್ಲ. ಕಣ್ಣಾರೆ ಕಂಡದ್ದನ್ನು ನಂಬಲು ನನಗೆ ಹೊತ್ತು ಬೇಕಾಯಿತು, ಅಷ್ಟರಲ್ಲಿ ವಿಕೆಟ್ ಕೀಪರ್ ಹೋಗಿ ಅವರನ್ನು ಎಬ್ಬಿಸಿದ್ದ. ಅವರು ಪ್ಯಾಂಟಿನ ಮಣ್ಣು ಕೊಡವಿಕೊಂಡು, ಉಳಿದ ಎಸೆತಗಳೆಷ್ಟು ಎಂದು ನನ್ನತ್ತ ನೋಡಿ ಕೈಸನ್ನೆಯಿಂದ ಕೇಳಿದರು. ಎರಡು ಎಂದು ತೋರಿಸಿದೆ. ಆಟ ನಡೆಯಿತು.

ಲೀಗಿನ ವರದಿಯಲ್ಲಿ ಅದನ್ನು ಮಾತಿನ ಚಕಮಕಿ ಎಂದು ಬರೆದರು. ಮುಂದಿನ ವಾರ ಅದೇ ಬ್ಯಾಟ್ಸ್‌ಮನ್ ಅದೇ ಟೀಮಿಗೆ ಆಡಲು ಬಂದ.

ಅವತ್ತಿನ ಸಂಜೆ ನಾವು ಹದಿನಾಲ್ಕೂ ಜನ ಠಾಣೆ ಸ್ಟೇಷನ್ನಿನ ಒಂದು ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಸುತ್ತ ಸೇರಿದೆವು. ಕಲ್ಯಾಣದವರಿಗೂ ನವಿ ಮುಂಬೈಯವರಿಗೂ ಠಾಣೆ ನಡುವೆ ಬೀಳುತ್ತದೆ, ಸಭೆಯ ಹಾಲ್‌ಗೆ ಕೊಡುವ ಬಾಡಿಗೆಯೂ ಇಲ್ಲ. ಗಾಡಿ ಬಂದಾಗಲೆಲ್ಲ ಮಾತು ನಿಲ್ಲಿಸಬೇಕು, ಹೋದ ಮೇಲೆ ಮುಂದುವರಿಸಬೇಕು. ಅದರಿಂದ ಒಂದು ಒಳ್ಳೆಯದಾಯಿತು. ಯಾರೂ ಬಹಳ ಹೊತ್ತು ಸಿಟ್ಟಿನಿಂದ ಮಾತಾಡಲು ಆಗಲಿಲ್ಲ. ಸಂಪು ಮಾಡೋಣ ಎಂದು ಯಾರೋ ಹೇಳಿದರು. ಕನ್ನಡದ ಸಂಪು, ಮರಾಠಿಯ ಸಂಪ್, ಇದೊಂದು ಶಬ್ದವನ್ನು ಅಲ್ಲಿದ್ದ ಯಾರಿಗೂ ಅನುವಾದ ಮಾಡಿ ಹೇಳಬೇಕಾಗಲಿಲ್ಲ. ಕೊನೆಗೆ ಅಣ್ಣ, ನನಗೆ ನೋವಾದದ್ದಕ್ಕೆ ಅಂತ ಮಾಡುವುದಾದರೆ ಬೇಡ, ನಾಳೆ ನಿಲ್ಲುವವನಿಗೆ ಹೀಗಾಗಬಾರದು ಅಂತ ಮಾಡುವುದಾದರೆ ನಾನೂ ಬರುತ್ತೇನೆ ಎಂದರು.

ಬೇಡಿಕೆಯ ಪತ್ರ ಬರೆದವಳು ನನ್ನ ಹೆಂಡತಿ. ನನ್ನ ಮರಾಠಿ ಮಾತಿಗೆ ಸಾಕು, ಬರವಣಿಗೆಗೆ ಸಾಲದು. ಅಂಪೈರನ ಮೈ ಮುಟ್ಟಿದವನಿಗೆ ಆ ಸೀಸನ್ ಪೂರ್ತಿ ಆಟವಿಲ್ಲ. ಪ್ರತಿ ಪಂದ್ಯಕ್ಕೆ ಇಬ್ಬರು ಅಂಪೈರರು, ಭತ್ಯೆ ಅಂದಂದೇ ಕೈಗೆ. ಪ್ರತಿ ಮೈದಾನದಲ್ಲಿ ಕುಡಿಯುವ ನೀರು ಮತ್ತು ಬಟ್ಟೆ ಬದಲಿಸಲು ಒಂದು ಕೋಣೆ. ಇಷ್ಟು ನಾನು ಹೇಳಿದ್ದು. ಅವಳು ಬರೆಯುತ್ತ ಬರೆಯುತ್ತ ತಲೆಯೆತ್ತಿ, ಕೋಣೆ ಎಂದರೆ ಸಾಲದು, ಬಾಗಿಲೂ ಒಳಗಿನಿಂದ ಹಾಕಿಕೊಳ್ಳಲು ಚಿಲಕವೂ ಬೇಕು ಎಂದು ಬರೀಬೇಕು ಎಂದಳು. ಗಂಡಸರಿಗೆ ಚಿಲಕ ಯಾಕೆ ಎಂದು ನಾನು ನಕ್ಕೆ. ಅವಳು ನನ್ನ ಕಡೆ ನೋಡದೆ ಬರೆದುಬಿಟ್ಟಳು.

ಲೀಗಿನ ಕಾರ್ಯದರ್ಶಿ ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ನೋಡೋಣ ಎನ್ನುವ ಮನುಷ್ಯ. ಬೇಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ನೌಕರಿ. ಪತ್ರ ತೆಗೆದುಕೊಂಡು, ನೋಡೋಣ ಎಂದರು. ಮುಂದಿನ ರವಿವಾರ ಯಾವ ಮೈದಾನಕ್ಕೂ ಅಂಪೈರ್ ಹೋಗಲಿಲ್ಲ.

ಸಂಪಿನ ಮೊದಲ ರವಿವಾರ ನಾನು ಒಂಬತ್ತರವರೆಗೆ ಮಲಗಿದೆ. ಎರಡನೆಯ ರವಿವಾರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಎತ್ತರದ ಪ್ರಕಾರ ಜೋಡಿಸಿಟ್ಟೆ. ಹೆಂಡತಿ ಜೀರಿಗೆ ಹುಡುಕಿ ಹುಡುಕಿ ಸಿಗದೆ, ಹಳೆಯ ಕ್ರಮದಲ್ಲಿ ಮತ್ತೆ ಇಡಿಸಿದಳು. ಮೂರನೆಯ ರವಿವಾರ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ನಿಂತು ಕೆಳಗೆ ಆಡುತ್ತಿದ್ದ ಮಕ್ಕಳಿಗೆ ಅದು ವೈಡ್ ಅಲ್ಲ ಎಂದು ಹೇಳುತ್ತಿದ್ದೆ. ಅವಳು ನನ್ನ ಕೈಗೆ ಚೀಲ ಕೊಟ್ಟು, ಎಲ್ಲಿಯಾದರೂ ಹೋಗಿ ಆಟ ನೋಡಿ ಬನ್ನಿ, ನೋಡುವುದಕ್ಕೇನೂ ಸಂಪಿಲ್ಲವಲ್ಲ ಎಂದಳು. ಕಲ್ಯಾಣಕ್ಕೆ ಹೋದೆ.

ಮೈದಾನದ ಬೇಲಿಯ ಹೊರಗೆ ಚಹಾದ ಟಪರಿ ಇತ್ತು. ಅದರ ಪಕ್ಕ ನಿಂತು ನೋಡಿದೆ. ಬ್ಯಾಟಿಂಗ್ ಮಾಡುವ ಟೀಮಿನವರೇ ಅಂಪೈರಾಗಿ ನಿಲ್ಲುವ ಏರ್ಪಾಟು ಮಾಡಿಕೊಂಡಿದ್ದರು. ಒಬ್ಬ ಬ್ಯಾಟ್ಸ್‌ಮನ್ ಬೌಲ್ಡ್ ಆದ, ಮೂರು ಸ್ಟಂಪೂ ಚೆಲ್ಲಾಪಿಲ್ಲಿ. ಆಗ ಅವನ ಗೆಳೆಯನಾದ ಅಂಪೈರ್ ಕೈ ಚಾಚಿ ನೋ ಬಾಲ್ ಎಂದ. ಬೌಲರ್ ನೆಲದ ಮೇಲೆ ಅಂಗಾತ ಮಲಗಿಬಿಟ್ಟ. ಅರ್ಧ ತಾಸಿನ ಮೇಲೆ ಅದೇ ಅಂಪೈರ್ ಬ್ಯಾಟಿಂಗಿಗೆ ಹೋದ, ಔಟಾಗಿ ಬಂದು ಪ್ಯಾಡು ಕಟ್ಟಿಕೊಂಡೇ ಮತ್ತೆ ಅಂಪೈರಿಂಗಿಗೆ ನಿಂತ.

ಕಾರ್ಯದರ್ಶಿ ಇದಕ್ಕೊಂದು ಉಪಾಯ ಮಾಡಿದ್ದರು. ಇನ್ನು ಮುಂದೆ ಕಾಲವೇ ಕ್ಯಾಮೆರಾದ್ದು, ಅಂಪೈರುಗಳ ಅಗತ್ಯ ಕಡಿಮೆಯಾಗುತ್ತದೆ ಎಂದು ಎಲ್ಲರ ಮುಂದೆ ಹೇಳಿ, ಸ್ಕ್ವೇರ್ ಲೆಗ್ ಕಡೆ ಸ್ಟ್ಯಾಂಡಿನ ಮೇಲೆ ತಮ್ಮ ಮೊಬೈಲನ್ನೇ ನಿಲ್ಲಿಸಿದ್ದರು. ನಿಜ ಹೇಳಬೇಕೆಂದರೆ ಅದನ್ನು ನೋಡಿ ನನ್ನ ಎದೆ ಸ್ವಲ್ಪ ಕುಸಿಯಿತು. ಕಾರ್ಖಾನೆಯಲ್ಲೂ ಅಳತೆ ನೋಡಲು ಹೊಸ ಮಷೀನು ಬರುತ್ತದೆ ಎಂಬ ಸುದ್ದಿ ಇತ್ತು. ಹೀಗೆ ಎರಡೂ ಕಡೆ ನನ್ನ ಕೆಲಸ ಹೋದರೆ ಉಳಿಯುವುದು ಡಬ್ಬಿ ಜೋಡಿಸುವ ಕೆಲಸವೊಂದೇ. ಅಷ್ಟರಲ್ಲಿ ಒಂದು ರನೌಟ್ ಆಯಿತು. ಹೌದು ಅಲ್ಲ ಎಂದು ಗದ್ದಲ. ಎಲ್ಲರೂ ಮೊಬೈಲಿನ ಹತ್ತಿರ ಓಡಿದರು. ಸರಿಯಾಗಿ ಚೆಂಡು ಸ್ಟಂಪಿಗೆ ಹೋಗುವ ಹೊತ್ತಿಗೆ ಕಾರ್ಯದರ್ಶಿಯ ತಾಯಿಯ ಫೋನು ಬಂದು ರೆಕಾರ್ಡಿಂಗ್ ನಿಂತುಹೋಗಿತ್ತು. ಅವರು ಎಲ್ಲರ ನಡುವೆ ನಿಂತು, ಊಟಕ್ಕೆ ಬರುತ್ತೇನೆ ಆಯಿ ಎಂದು ಹೇಳಿ ಫೋನ್ ಇಟ್ಟರು. ಎರಡೂ ಟೀಮಿನವರು ನಕ್ಕರು, ಆದರೆ ರನೌಟ್ ತೀರ್ಮಾನವಾಗಲಿಲ್ಲ.

ಆಗ ಸ್ಕೋರ್ ಬರೆಯುತ್ತಿದ್ದ ಮೇಜಿನಿಂದ ಒಬ್ಬ ಹುಡುಗಿ ಎದ್ದಳು. ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬಹುದು. ಲೀಗಿನ ಸ್ಕೋರರ್ ಆಗಿ ಆ ವರ್ಷವೇ ಸೇರಿದವಳು. ನಾನು ಒಂದೆರಡು ಪಂದ್ಯಗಳಲ್ಲಿ ದೂರದಿಂದ ಕಂಡಿದ್ದೆ, ಮಾತಾಡಿರಲಿಲ್ಲ. ಸ್ಕೋರ್ ಪುಸ್ತಕವನ್ನು ಎದೆಗವಚಿಕೊಂಡು ಮೈದಾನದ ನಡುವಿನವರೆಗೆ ನಡೆದು ಹೋಗಿ, ಹಿಂದಿಯಲ್ಲಿ, ಸಿಟ್ಟಿಲ್ಲದೆ ಆದರೆ ಬೇಲಿಯವರೆಗೆ ಕೇಳುವ ಹಾಗೆ, ರನೌಟಿನ ಮಾತು ನೀವು ಬಗೆಹರಿಸಿಕೊಳ್ಳಿ, ಆದರೆ ಓವರಿಗೆ ಆರೇ ಎಸೆತ, ಇದು ಏಳನೆಯದು, ಈ ಎಸೆತವನ್ನೇ ಹಾಕಬೇಕಾಗಿರಲಿಲ್ಲ ಎಂದಳು. ಪುಸ್ತಕ ತೆರೆದು ಒಂದೊಂದೇ ಚುಕ್ಕೆಯ ಮೇಲೆ ಬೆರಳಿಟ್ಟು ತೋರಿಸಿದಳು. ನಿಯಮದ ಪ್ರಕಾರ ಅಂಪೈರ್ ಎಣಿಸಿದ್ದೇ ಕೊನೆ, ಏಳನೆಯ ಎಸೆತದಲ್ಲಿ ಔಟಾದರೂ ಔಟೇ. ಆದರೆ ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಬೇಲಿಯ ಹೊರಗಿದ್ದೆ. ಇಪ್ಪತ್ತೆರಡು ಜನ ಗಂಡಸರು ಆ ಪುಸ್ತಕದ ಸುತ್ತ ಬಾಗಿ ನೋಡಿ, ಸುಮ್ಮನೆ ತಮ್ಮ ತಮ್ಮ ಜಾಗಕ್ಕೆ ಹೋದರು.

ಊಟದ ಬಿಡುವಿನಲ್ಲಿ ಅವಳು ಚಹಾಕ್ಕೆ ಟಪರಿಯ ಹತ್ತಿರ ಬಂದಳು. ಫೋನಿನಲ್ಲಿ ಯಾರಿಗೋ ಊಟ ಮಾಡ್ರಿ, ನಾ ಸಂಜಿಕ್ ಬರ್ತೀನಿ ಎನ್ನುತ್ತಿದ್ದಳು. ಅಪ್ಪಟ ಕಲಬುರಗಿ ಮಾತು. ನಾನು ವಿಜಯಪುರದವನು ಎಂದು ಪರಿಚಯ ಹೇಳಿಕೊಂಡೆ. ಅವಳು ಮಹಾಪೆಯ ಐಟಿ ಪಾರ್ಕಿನಲ್ಲಿ ಒಂದು ಕಟ್ಟಡದ ಗೇಟಿನಲ್ಲಿ ಸೆಕ್ಯುರಿಟಿ. ತಂದೆ ಕಲಬುರಗಿಯಿಂದ ಬಂದು ನವಿ ಮುಂಬೈಯ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಮಾಡಿದವರು. ಸ್ಕೋರ್ ಬರೆಯುವುದನ್ನು ಕಲಿತದ್ದು ಗೇಟಿನಲ್ಲಿ ಕೂತೇ; ಬರುವ ಹೋಗುವ ಗಾಡಿಗಳ ನಂಬರು ತಪ್ಪಿಲ್ಲದೆ ಬರೆಯುವುದನ್ನು ನೋಡಿ ಅಲ್ಲಿನ ಕಂಪನಿಯ ಕ್ರಿಕೆಟ್ ಟೀಮಿನವರು ಕರೆದರಂತೆ. ನಾನು ಓವರಿನ ನಿಯಮ ಹೇಳಿದೆ. ಅವಳ ಮುಖ ಬಾಡಿತು. ನಾ ತಪ್ಪು ಹೇಳಿ ಒಬ್ಬನ್ನ ಉಳಿಸಿದ್ನೇನ್ರಿ ಸರ್ ಎಂದು ಕೇಳಿದಳು. ನೀನು ಎಣಿಸಿದ್ದು ಸರಿ, ಅದನ್ನು ಎಣಿಸಬೇಕಾದವನು ನಾನು ಎಂದೆ. ಅದು ನನ್ನ ಬಾಯಿಂದ ಹೇಗೋ ಬಂದುಬಿಟ್ಟಿತು, ಬಂದ ಮೇಲೆ ಇಬ್ಬರಿಗೂ ಇನ್ನೊಂದು ಚಹಾ ಹೇಳಿದೆ.

ಆಮೇಲೆ ಅವಳೇ ಒಂದು ಮಾತು ಹೇಳಿದಳು. ಹಿಂದಿನ ವಾರ ಕಾರ್ಯದರ್ಶಿ ಅವಳನ್ನು ಕರೆದು, ನಿನಗೆ ಆಟ ತಿಳಿಯುತ್ತದೆ, ಸಂಪು ಇರುವವರೆಗೆ ನೀನೇ ಅಂಪೈರಾಗಿ ನಿಲ್ಲು, ಸ್ಕೋರರಿನ ಎರಡು ಪಟ್ಟು ಭತ್ಯೆ ಕೊಡಿಸುತ್ತೇನೆ ಎಂದಿದ್ದರಂತೆ. ನಿಲ್ಲಬೇಕು ಎಂದು ಅವಳಿಗೆ ಬಹಳ ಆಸೆ ಇತ್ತಂತೆ. ಮತ್ತೆ ಯಾಕೆ ನಿಲ್ಲಲಿಲ್ಲ ಎಂದು ಕೇಳಿದೆ.

"ನಮ್ಮಪ್ಪಾರು ಒಂದ್ಸಲ ಸೈಟಿನಾಗ ಕೆಲಸ ನಿಲ್ಸಿ ಕುಂತಿದ್ರುರಿ ಸರ್, ಹಗ್ಗ ಇಲ್ದ ಮ್ಯಾಲ ಹತ್ತಂಗಿಲ್ಲ ಅಂತ. ಮರುದಿನ ಬ್ಯಾರೆ ಮಂದಿನ್ನ ತಂದು ಹತ್ತಿಸಿದ್ರು. ಅದನ್ನ ಅವರು ಇನ್ನಾ ಮರ್ತಿಲ್ರಿ. ನಾ ಹೆಂಗ ನಿಲ್ಲಲಿ."

ಚಹಾದ ದುಡ್ಡು ನಾನು ಕೊಡಲು ಹೋದರೆ ಅವಳು ಬಿಡಲಿಲ್ಲ. ವಾಪಸ್ ಬರುವಾಗ ಹಳಿ ದುರಸ್ತಿಯ ಮೆಗಾ ಬ್ಲಾಕಿನಿಂದ ಗಾಡಿ ತಡವಾಗಿತ್ತು. ಕಲ್ಯಾಣ ಸ್ಟೇಷನ್ನಿನಲ್ಲಿ ನಿಂತೇ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ಅವಳಿಗೆ ನಿಯಮದ ಪುಸ್ತಕ ಉಂಟಾ ಮಾರಾಯ್ರೆ ಎಂದರು. ಇಲ್ಲ ಅನಿಸುತ್ತದೆ ಎಂದೆ. ನನ್ನ ಹತ್ತಿರ ಇನ್ನೊಂದು ಉಂಟು ಎಂದು ಫೋನ್ ಇಟ್ಟರು.

ಐದನೆಯ ವಾರ ಕಾರ್ಯದರ್ಶಿ ತಾವಾಗಿಯೇ ಠಾಣೆಯ ಆ ಬೆಂಚಿಗೆ ಬಂದರು. ಜೊತೆಗೆ ವಡಾಪಾವಿನ ದೊಡ್ಡ ಪೊಟ್ಟಣ ತಂದಿದ್ದರು. ಅದನ್ನು ನೋಡಿದ ಕೂಡಲೇ ನಮಗೆ ಅರ್ಥವಾಯಿತು. ಟೀಮುಗಳೇ ಅವರ ಮೇಲೆ ಒತ್ತಡ ಹಾಕಿದ್ದವು. ಹಿಂದಿನ ರವಿವಾರದ ಒಂದು ಪಂದ್ಯದಲ್ಲಿ ಎರಡೂ ಟೀಮುಗಳು ತಾವೇ ಗೆದ್ದೆವೆಂದು ಬರೆದು ಕಳಿಸಿದ್ದವಂತೆ. ಅವರು ಬೇಡಿಕೆಗಳನ್ನು ಒಂದೊಂದಾಗಿ ಓದಿ ಒಪ್ಪುತ್ತ ಬಂದರು. ಅಣ್ಣನನ್ನು ನೂಕಿದವನಿಗೆ ಆ ಸೀಸನ್ ಆಟವಿಲ್ಲ. ಅಂಪೈರುಗಳು ಇಬ್ಬರು. ಭತ್ಯೆ ನಾವು ಕೇಳಿದಷ್ಟಲ್ಲ, ಆದರೆ ಅಂದಂದೇ. ಕೋಣೆ, ನೀರು, ಬಾಗಿಲು, ಚಿಲಕ.

ಮುಗಿಯಿತು ಎಂದು ನಾವು ಎದ್ದರೆ ಅಣ್ಣ ಏಳಲಿಲ್ಲ. ಪತ್ರದಲ್ಲಿ ಇಲ್ಲದ ಒಂದು ಮಾತು ಉಂಟು ಎಂದರು. ನಮ್ಮ ಹದಿನಾಲ್ಕು ಜನರಲ್ಲಿ ಐದು ಜನ ಅರವತ್ತು ದಾಟಿದವರು, ಹೊಸಬರು ಯಾರೂ ಬರುತ್ತಿಲ್ಲ, ಹೀಗಾದರೆ ಇನ್ನು ಕೆಲವು ವರ್ಷಕ್ಕೆ ಸಂಪು ಮಾಡಲಿಕ್ಕೂ ಜನ ಇರುವುದಿಲ್ಲ. ಲೀಗು ವರ್ಷಕ್ಕೊಮ್ಮೆ ಅಂಪೈರಿಂಗ್ ತರಗತಿ ನಡೆಸಬೇಕು, ಪಾಠ ನಾವೇ ಪುಕ್ಕಟೆ ಹೇಳುತ್ತೇವೆ, ಸ್ಕೋರರುಗಳಿಗೂ ಹೆಂಗಸರಿಗೂ ಅದರಲ್ಲಿ ಜಾಗ ಇರಬೇಕು. ಕಾರ್ಯದರ್ಶಿ ವಡಾಪಾವು ಕೆಳಗಿಟ್ಟು ತೊಂದರೆಗಳನ್ನು ಹೇಳತೊಡಗಿದರು. ಹೆಂಗಸರು ಬಂದರೆ ಬಟ್ಟೆ ಬದಲಿಸುವುದು ಎಲ್ಲಿ ಎಂಬುದು ಅವರ ದೊಡ್ಡ ತೊಂದರೆ. ನಾನು ಪತ್ರ ತೆಗೆದು, ಅವರು ಆಗಷ್ಟೇ ಸಹಿ ಹಾಕಿದ ಸಾಲಿನ ಮೇಲೆ ಬೆರಳಿಟ್ಟೆ. ಅವರು ಓದಿದರು. ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಓದಿದರು. ನೋಡೋಣ ಎನ್ನಲಿಲ್ಲ. ನಕ್ಕು, ಈ ಪತ್ರ ಬರೆದವರು ಯಾರು ಎಂದು ಕೇಳಿದರು. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು, ನೀವು ಅವತ್ತು ನಕ್ಕಿರಿ ಎಂದಷ್ಟೇ ಹೇಳಿ ಸಾರಿಗೆ ಒಗ್ಗರಣೆ ಹಾಕಿದಳು.

ತರಗತಿಯನ್ನು ಶನಿವಾರ ಸಂಜೆ ಅಣ್ಣ ಇರುವ ಹೌಸಿಂಗ್ ಸೊಸೈಟಿಯ ಕೆಳಗಿನ ಸಣ್ಣ ಹಾಲಿನಲ್ಲಿ ಶುರು ಮಾಡಿದೆವು. ಒಂಬತ್ತು ಜನ ಬಂದರು. ಒಬ್ಬ ಕೊರಿಯರ್ ಹಂಚುವವನು, ಒಬ್ಬರು ಕಾಲೇಜಿನ ಲೈಬ್ರರಿಯವರು, ಉಳಿದವರಲ್ಲಿ ಹೆಚ್ಚಿನವರು ಆಡಿ ಕಾಲು ಕೈ ಮುರಿದುಕೊಂಡವರು, ಮತ್ತೆ ಆ ಸ್ಕೋರರ್ ಹುಡುಗಿ. ಪಾಠ ಹೇಳುವ ಭಾಷೆಯದೇ ಒಂದು ಸಮಸ್ಯೆ. ಅಣ್ಣ ಕರಾವಳಿ ಕನ್ನಡದಲ್ಲಿ ಶುರು ಮಾಡಿ, ಮರಾಠಿಗೆ ಹಾರಿ, ಕಷ್ಟ ಬಂದಲ್ಲಿ ಇಂಗ್ಲಿಷ್ ಪುಸ್ತಕ ಓದಿ, ಸಿಟ್ಟು ಬಂದಲ್ಲಿ ತುಳುವಿನಲ್ಲಿ ಮುಗಿಸುತ್ತಿದ್ದರು. ತುಳು ಬಂದಾಗ ಎಲ್ಲರಿಗೂ ಪೂರ್ತಿ ಅರ್ಥವಾಗುತ್ತಿತ್ತು.

ಎಲ್‌ಬಿಡಬ್ಲ್ಯು ಪಾಠ ನನ್ನ ಪಾಲಿಗೆ ಬಂತು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಪಿಚ್ಚು ಎಳೆದು, ಮೂರು ನೀರಿನ ಬಾಟಲಿಗಳನ್ನು ಸ್ಟಂಪು ಮಾಡಿ, ಚೆಂಡು ಕಾಲಿಗೆ ಬಡಿಯದಿದ್ದರೆ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಮನಸ್ಸಿನಲ್ಲಿ ಕಾಣಬೇಕು ಎಂದು ವಿವರಿಸಿದೆ. ಅವಳು ಕೈಯೆತ್ತಿ, ಮನಸ್ಸಿನಾಗ ಕಂಡದ್ದು ಖರೆ ಅಂತ ಹೆಂಗ ಗೊತ್ತಾಗ್ತದ್ರಿ ಎಂದು ಕೇಳಿದಳು. ಹನ್ನೊಂದು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ, ಕೂಗಿ ಕೇಳಿದ್ದರು ಅಷ್ಟೇ. ಗೊತ್ತಾಗುವುದಿಲ್ಲ, ಅದಕ್ಕೇ ಸಂಶಯ ಇದ್ದರೆ ಬೆರಳು ಎತ್ತಬೇಡ ಎಂದು ನಿಯಮ ಹೇಳುತ್ತದೆ ಎಂದೆ. ಅಣ್ಣ ಹಿಂದಿನಿಂದ, ಎತ್ತಿದ ಮೇಲೆ ಸಂಶಯ ಬಂದರೆ ಎಂತ ಮಾಡುವುದು ಎಂಬುದನ್ನೂ ಹೇಳಿ ಮಾರಾಯ್ರೆ ಎಂದರು. ಹೇಳಿದೆ. ತಡಮಾಡದೆ ತಿದ್ದಿಕೊಳ್ಳಬಹುದು, ಅದಕ್ಕೂ ನಿಯಮದಲ್ಲಿ ಜಾಗವಿದೆ. ಆದರೆ ನಾನು ಎಂದೂ ತಿದ್ದಿಕೊಂಡಿಲ್ಲ ಎಂಬುದನ್ನು ಹೇಳಲಿಲ್ಲ.

ಪರೀಕ್ಷೆಯಲ್ಲಿ ಒಂಬತ್ತರಲ್ಲಿ ಏಳು ಜನ ಪಾಸಾದರು. ಹೆಚ್ಚು ಅಂಕ ಅವಳಿಗೇ. ಅಂಪೈರ್ ಅಂಗಿಯ ಅಳತೆಗಳೆಲ್ಲ ಗಂಡಸರವು. ಚಿಕ್ಕ ಅಳತೆಯದ್ದೂ ಅವಳಿಗೆ ಮೊಣಕಾಲಿಗೆ ಬರುತ್ತಿತ್ತು. ನನ್ನ ಹೆಂಡತಿ ಅವಳನ್ನು ಮನೆಗೆ ಕರೆಸಿ, ಅಂಗಿಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿದುಕೊಟ್ಟಳು. ಇಬ್ಬರೂ ಹೊಲಿಗೆ ಮಷೀನಿನ ಎದುರು ಕೂತು ಕನ್ನಡದಲ್ಲಿ ಏನೇನೋ ಮಾತಾಡುತ್ತಿದ್ದರು. ನಮ್ಮ ಮಗಳು, ಕನ್ನಡ ತಿಳಿದರೂ ಉತ್ತರ ಮರಾಠಿಯಲ್ಲೇ ಕೊಡುವವಳು, ಫೋನ್ ಬಿಟ್ಟು ಬಂದು ಅವರ ಪಕ್ಕ ಕೂತದ್ದನ್ನು ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಆ ಹುಡುಗಿಯ ಮೊದಲ ಪಂದ್ಯ ಡೊಂಬಿವಲಿಯಲ್ಲಿ, ನನ್ನ ಜೊತೆ. ಕೋಣೆಗೆ ಬಾಗಿಲು ಬಂದಿತ್ತು, ಚಿಲಕ ಹೊಸದಾಗಿ ಹೊಳೆಯುತ್ತಿತ್ತು. ಅವಳು ಒಳಗೆ ಹೋಗಿ ಬಟ್ಟೆ ಬದಲಿಸಿ ಬರುವವರೆಗೆ ಎರಡೂ ಟೀಮಿನವರು ಕುತೂಹಲದಿಂದ ಆ ಕಡೆಯೇ ನೋಡುತ್ತಿದ್ದರು. ಹೊರಗೆ ಬಂದವಳು ಯಾರ ಮುಖವನ್ನೂ ನೋಡದೆ ನೇರ ಸ್ಟಂಪಿನ ಹತ್ತಿರ ಹೋಗಿ ಬೇಲ್ಸ್ ಸರಿಯಾಗಿ ಕೂತಿವೆಯೋ ಎಂದು ಮುಟ್ಟಿ ನೋಡಿದಳು. ಮೊದಲ ಓವರಿನಲ್ಲೇ ಒಬ್ಬ ಬೌಲರ್ ಅವಳನ್ನು ಪರೀಕ್ಷಿಸಲೆಂದು ಸುಮ್ಮಸುಮ್ಮನೆ ಕೂಗಿದ. ನಾಟ್ ಔಟ್ ಎಂದಳು. ಎರಡನೆಯ ಸಲ ಕೂಗಿದ. ನಾಟ್ ಔಟ್. ಮೂರನೆಯ ಸಲ ಅವನಿಗೇ ನಗು ಬಂತು.

ಮಧ್ಯಾಹ್ನದ ಹೊತ್ತಿಗೆ ಪಂದ್ಯ ಬಿಗಿಯಾಯಿತು. ನಾನು ಬೌಲರಿನ ತುದಿಯಲ್ಲಿದ್ದೆ, ಅವಳು ಸ್ಕ್ವೇರ್ ಲೆಗ್ಗಿನಲ್ಲಿ. ಚೆನ್ನಾಗಿ ಆಡುತ್ತಿದ್ದ ಬ್ಯಾಟ್ಸ್‌ಮನ್ ಒಂದು ಚೆಂಡನ್ನು ಮುಂದೆ ಬಾಗಿ ಹೊಡೆದ, ಅದು ಮೇಲೆದ್ದು ಕವರ್ಸಿನಲ್ಲಿ ನಿಂತಿದ್ದ ಫೀಲ್ಡರನ ಕೈಗೆ ಹೋಯಿತು. ಬೌಲರ್ ಎಸೆದ ರಭಸದಲ್ಲಿ ನನ್ನ ಕಣ್ಣಿಗೆ ಅಡ್ಡ ಬಂದಿದ್ದ. ಆದರೂ ಚೆಂಡು ಗಾಳಿಯಲ್ಲಿ ಹೋದದ್ದು ಕಂಡಿತ್ತು, ಎಲ್ಲರೂ ಕೂಗಿದರು, ಬೆರಳು ಎತ್ತಿದೆ. ಬ್ಯಾಟ್ಸ್‌ಮನ್ ಬಾಯಿ ತೆರೆದು ನಿಂತ. ನಾನು ಎತ್ತಿದ ಬೆರಳನ್ನು ಇಳಿಸುವಷ್ಟರಲ್ಲಿ ಅವಳು ಆ ತುದಿಯಿಂದ ನನ್ನ ಕಡೆ ನಡೆದು ಬರುತ್ತಿದ್ದಳು. ಓಡಲಿಲ್ಲ, ನಿಧಾನವೂ ಮಾಡಲಿಲ್ಲ. ಹತ್ತಿರ ಬಂದು ಫೀಲ್ಡರುಗಳಿಗೆ ಬೆನ್ನು ಮಾಡಿ ನಿಂತು, ಕನ್ನಡದಲ್ಲಿ ಹೇಳಿದಳು.

"ಸರ್, ಬಾಲ್ ಬ್ಯಾಟಿನಿಂದ ಮೊದ್ಲ ನೆಲಕ್ಕ ಬಡದು ಆಮ್ಯಾಲ ಮ್ಯಾಲೆದ್ದದ. ಅವನ ಬೂಟಿನ ಬಾಜೂಕ. ನಾ ಪೂರಾ ನೋಡೀನಿ."

"ಖಾತ್ರಿ ಐತೇನವಾ ತಂಗಿ?"

"ಖಾತ್ರಿ ಅದರಿ."

ಆ ಒಂದು ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಏನೇನು ಹಾದುಹೋಯಿತು ಎಂದು ನಾಚಿಕೆಯಿಲ್ಲದೆ ಬರೆಯಬೇಕು. ಹನ್ನೊಂದು ವರ್ಷ ನಿಂತವನು ನಾನು, ಇವಳದು ಮೊದಲ ದಿನ. ಜನ ನಗುತ್ತಾರೆ. ಇವಳ ಮಾತು ಕೇಳಿ ತಿದ್ದಿಕೊಂಡ ಎನ್ನುತ್ತಾರೆ. ಆದರೆ ಸ್ಕ್ವೇರ್ ಲೆಗ್ಗಿನಲ್ಲಿ ನಿಂತು ಮೂಕನಂತೆ ನೋಡಿದ ಇನ್ನೊಂದು ದಿನವೂ ನನಗೆ ನೆನಪಿತ್ತು, ಅಂದು ನಾನು ಕದಲಿರಲಿಲ್ಲ. ಇವಳು ಕದಲಿದ್ದಳು. ನಾನು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟು, ಎರಡೂ ಭುಜ ಮುಟ್ಟಿ, ತೀರ್ಪು ಹಿಂತೆಗೆದುಕೊಂಡ ಸನ್ನೆ ಮಾಡಿ ಬ್ಯಾಟ್ಸ್‌ಮನ್ನನ್ನು ವಾಪಸ್ ಕರೆದೆ.

ಫೀಲ್ಡಿಂಗ್ ಟೀಮಿನ ಕ್ಯಾಪ್ಟನ್ ಕೆಂಪಗಾಗಿ ನಮ್ಮ ಕಡೆ ಬಂದ. ಮಾತಾಡುತ್ತ ಅವನ ಕೈಗಳು ಮೇಲೆದ್ದವು. ಆಮೇಲೆ ಅವನಿಗೆ ಹೊಸ ನಿಯಮ ನೆನಪಾಗಿರಬೇಕು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡನ್ನೂ ಪ್ಯಾಂಟಿನ ಜೇಬಿಗೆ ತುರುಕಿಕೊಂಡ. ಜೇಬಿನಲ್ಲಿ ಕೈಯಿಟ್ಟುಕೊಂಡು ಜಗಳವಾಡುವುದು ಬಲು ಕಷ್ಟ ಎಂದು ಅಂದು ನಮಗೆಲ್ಲ ಗೊತ್ತಾಯಿತು. ಅಷ್ಟರಲ್ಲಿ ಕ್ಯಾಚು ಹಿಡಿದ ಫೀಲ್ಡರೇ ದೂರದಿಂದ, ಟಪ್ಪಾ ಪಡ್‌ಲಾ ಹೋತಾ ಎಂದು ಮರಾಠಿಯಲ್ಲಿ ಹೇಳಿದ. ನೆಲಕ್ಕೆ ಬಿದ್ದಿತ್ತು ಎಂದು. ಕ್ಯಾಪ್ಟನ್ ಅವನನ್ನು ನೋಡಿದ, ನಮ್ಮನ್ನು ನೋಡಿದ, ಹಾಗೇ ತಿರುಗಿ ಹೋದ. ಅವಳು ತನ್ನ ಜಾಗಕ್ಕೆ ಮರಳಿದಳು. ನನ್ನ ಹೆಂಡತಿ ಬೌಂಡರಿಯ ಹತ್ತಿರ ಕೂತಿದ್ದಳು, ಎದ್ದು ನಿಂತಿದ್ದು ಕಂಡಿತು. ಇಷ್ಟು ವರ್ಷ ಎತ್ತಿದ ಬೆರಳುಗಳಿಗಿಂತ ಇಳಿಸಿದ ಆ ಒಂದು ಬೆರಳಿನ ಬಗ್ಗೆ ಅವಳಿಗೆ ಹೆಚ್ಚು ಹೆಮ್ಮೆ. ಅದನ್ನು ಅವಳು ನೆಂಟರಿಗೆಲ್ಲ ಹೇಳಿದ್ದಾಳೆ.

ಈಗ ಅದೆಲ್ಲ ಆಗಿ ಎರಡನೆಯ ಸೀಸನ್ನು. ಅಣ್ಣ ಮೈದಾನಕ್ಕೆ ಇಳಿಯುವುದನ್ನು ಬಿಟ್ಟು ಪೂರ್ತಿ ಪಾಠಕ್ಕೆ ನಿಂತಿದ್ದಾರೆ. ತರಗತಿಗೆ ಈ ವರ್ಷ ಸೊಸೈಟಿಯ ಹಾಲ್ ಸಾಲದೆ ಪಾರ್ಕಿಂಗಿನಲ್ಲಿ ಪಿಚ್ಚು ಎಳೆಯಬೇಕಾಯಿತು. ಬಂದವರಲ್ಲಿ ನಾಲ್ವರು ಹೆಂಗಸರು, ಒಬ್ಬರಂತೂ ಮೊಮ್ಮಕ್ಕಳಿರುವವರು. ಕಾರ್ಯದರ್ಶಿಯ ಕ್ಯಾಮೆರಾ ಕೂಡ ಹೋಗಿಲ್ಲ. ಈಗ ಪಂದ್ಯ ಮುಗಿದ ಮೇಲೆ ನಾವೇ ಅದನ್ನು ಕೇಳಿ ತೆಗೆದುಕೊಂಡು, ಎಲ್ಲಿ ತಪ್ಪಿದೆವು ಎಂದು ತರಗತಿಯಲ್ಲಿ ನೋಡುತ್ತೇವೆ. ಮುಂದೆ ಅದು ನಮ್ಮ ಕೆಲಸ ಕಿತ್ತುಕೊಳ್ಳಬಹುದು, ಕಿತ್ತುಕೊಳ್ಳದೆಯೂ ಇರಬಹುದು. ಕಾರ್ಖಾನೆಯ ಹೊಸ ಮಷೀನು ಬಂದಿದೆ. ಅದು ತಪ್ಪು ಅಳತೆ ತೋರಿಸಿದಾಗ ಕರೆಯುವುದು ನನ್ನನ್ನೇ.

ಹೋದ ತಿಂಗಳು ಕಲಬುರಗಿಯ ಆ ಹುಡುಗಿಗೆ ಲೀಗಿನ ಸೆಮಿಫೈನಲ್ ಕೊಟ್ಟರು, ನವಿ ಮುಂಬೈಯ ಹುಲ್ಲು ಹಾಸಿದ ಚಂದದ ಮೈದಾನ. ನನ್ನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಪ್ರೇಕ್ಷಕನಾಗಿ ಹೋದೆ, ನೆರಳಿನಲ್ಲಿ ಕೂತೆ. ಅವಳ ತಂದೆ ತಾಯಿ ಬಂದಿದ್ದರು. ತಂದೆ ಮಾತು ಕಡಿಮೆ. ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಮಗಳು ಹೋದಲ್ಲೆಲ್ಲ ಕಣ್ಣು ಹಾಯಿಸುತ್ತಿದ್ದರು. ತಾಯಿ ಬುತ್ತಿ ಬಿಚ್ಚಿ, ಕೇಳದೆಯೇ ನನ್ನ ಕೈಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಕೊಟ್ಟರು. ಹತ್ತು ಓವರು ಆದ ಮೇಲೆ ನನ್ನ ಕಡೆ ಬಾಗಿ, ನಮ್ಮಾಕಿ ಯಾವ ಕಡೀಗೆ ಆಡ್ಲತ್ತಾಳ್ರಿ ಎಂದು ಕೇಳಿದರು. ಯಾವ ಕಡೆಗೂ ಅಲ್ಲ ಅಕ್ಕಾ, ನಡುವೆ ನಿಂತು ನ್ಯಾಯ ಹೇಳುವವಳು ಎಂದೆ. ಅವರು ಮಗಳ ಕಡೆ ನೋಡುತ್ತ ಇನ್ನೊಂದು ರೊಟ್ಟಿ ಮುರಿದರು.

"ಮನ್ಯಾಗೂ ಹಂಗೇ ಮಾಡ್ತಾಳ್ರಿ" ಎಂದರು.

ತಂದೆ ಮೊದಲ ಸಲ ನಕ್ಕರು. ಅಷ್ಟರಲ್ಲಿ ಒಂದು ಚೆಂಡು ನಮ್ಮ ಕಡೆಗೇ ಉರುಳುತ್ತ ಬಂದು ಗೆರೆ ದಾಟಿತು. ದೂರದಲ್ಲಿ ಅವಳು ನಮ್ಮತ್ತ ತಿರುಗಿ, ಬಲಗೈಯನ್ನು ಎದೆಯ ಮುಂದೆ ಆಚೆ ಈಚೆ ಬೀಸಿ ನಾಲ್ಕು ರನ್ನಿನ ಸನ್ನೆ ಮಾಡಿದಳು. ಅದು ಸ್ಕೋರರಿಗೆ ಮಾಡಿದ್ದು. ತಾಯಿಗೆ ಅದು ಗೊತ್ತಿರಲಿಲ್ಲ. ಅವರು ರೊಟ್ಟಿ ಹಿಡಿದ ಕೈಯನ್ನೇ ಎತ್ತಿ, ಮಗಳಿಗೆ ಬೀಸಿದರು.